ಸೆಕ್ರೆಟರಿ ಹಚ್ಚಿದ ನೀಲಿ ಬಣ್ಣ

ಗೊತ್ತಿಲ್ಲದ ವಿಷಯದಲ್ಲಿ ಕೈ ಹಾಕದೆ ಸುಮ್ಮನಿರುವುದು ದೊಡ್ಡ ಗುಣ. ಆ ಗುಣ ನನ್ನಲ್ಲಿಲ್ಲ. ಫ್ಯಾನು ತಿರುಗದಿದ್ದರೆ ಕುರ್ಚಿ ಹತ್ತುತ್ತೇನೆ. ಇಳಿಯುವಷ್ಟರಲ್ಲಿ ದೀಪವೂ ಹೋಗಿರುತ್ತದೆ. ಮಿಕ್ಸರ್ ಕೆಟ್ಟರೆ ನನ್ನ ಹೆಂಡತಿ ಮೊದಲು ಸ್ಕ್ರೂ ಡ್ರೈವರ್ ಬಚ್ಚಿಡುತ್ತಾಳೆ, ಆಮೇಲೆ ನನಗೆ ಸುದ್ದಿ ತಿಳಿಸುತ್ತಾಳೆ. ಇಂಥ ನನ್ನನ್ನು ಹಳಿಯಾಳದ ನಮ್ಮ ಕಾಂಪ್ಲೆಕ್ಸಿನ ಅಂಗಡಿಕಾರರು ಸೆಕ್ರೆಟರಿ ಮಾಡಿದರು. ಕಾರಣ ಬಹಳ ಸರಳ. ನನ್ನದು ಝೆರಾಕ್ಸ್ ಅಂಗಡಿ. ಕರೆಂಟು ಹೋದಾಗಲೆಲ್ಲ ನಾನು ಖಾಲಿ.

ಕಾಂಪ್ಲೆಕ್ಸಿನ ಕೆಳಗೆ ಗಂಗಕ್ಕನ ಖಾನಾವಳಿ, ಒಂದು ಸಲೂನು, ಶಕುಂತಲಾಬಾಯಿಯವರ ಬ್ಲೌಸ್ ಹೊಲಿಯುವ ಅಂಗಡಿ, ಪಕ್ಕದಲ್ಲಿ ನಾನು. ಮೇಲೆ ಹಲ್ಲಿನ ಡಾಕ್ಟರು. ಅದರ ಮೇಲೆ ಟೆರೇಸು, ನೀರಿನ ಟ್ಯಾಂಕು. ಟ್ಯಾಂಕಿನಿಂದ ಒಂದು ದೊಡ್ಡ ಪೈಪು ಹೊರಟು ನಾಲ್ಕಾಗಿ ಕವಲೊಡೆದು ಇಳಿಯುತ್ತದೆ. ದೊಡ್ಡದಕ್ಕೊಂದು, ಕವಲಿಗೊಂದೊಂದು ವಾಲ್ವು. ಸೆಕ್ರೆಟರಿಯಾದ ಹೊಸದರಲ್ಲಿ ಇದನ್ನೆಲ್ಲ ಅರ್ಥಮಾಡಿಕೊಳ್ಳಲೇಬೇಕೆಂದು ಮೊಬೈಲಿನಲ್ಲಿ ಎರಡು ವಿಡಿಯೊ ನೋಡಿ ಮೇಲೆ ಹತ್ತಿದೆ. ನೋಡಿದರೆ ಎಂಥ ಅಸಹ್ಯ! ಸಣ್ಣ ವಾಲ್ವುಗಳಿಗೆಲ್ಲ ಯಾರೋ ಚಿಂದಿ ಕಟ್ಟಿದ್ದರು. ಒಂದಕ್ಕೆ ಅರಿಶಿಣ ಹತ್ತಿದ ಒರೆಸುವ ಬಟ್ಟೆ, ಒಂದಕ್ಕೆ ಕೂದಲು ಮೆತ್ತಿದ ಬಿಳಿ ತುಂಡು, ಒಂದಕ್ಕೆ ಬ್ಯಾಂಡೇಜು, ಇನ್ನೊಂದಕ್ಕೆ ಜರಿ ಅಂಚಿನ ಚೂರು. ನನ್ನ ಶುಚಿತ್ವದ ರಕ್ತ ಕುದಿಯಿತು. ಚಿಂದಿಗಳನ್ನು ಬಿಚ್ಚಿ ಅಲ್ಲೇ ಸುಟ್ಟೆ. ತುಕ್ಕು ಹಿಡಿಯದಿರಲೆಂದು ಐದೂ ವಾಲ್ವಿಗೆ ನೀಲಿ ಬಣ್ಣ ಬಳಿದೆ, ಒಂದಲ್ಲ, ಮೂರು ಸಲ. ಫೋಟೋ ತೆಗೆದು ಕಾಂಪ್ಲೆಕ್ಸಿನ ಗ್ರೂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಕಳಿಸಿದರು. ಆ ಹೆಬ್ಬೆರಳುಗಳನ್ನು ನಾನು ಹೆಂಡತಿಗೂ ತೋರಿಸಿದೆ.

ಎರಡು ವಾರದ ನಂತರ ಒಂದು ಮುಂಜಾನೆ ಶಕುಂತಲಾಬಾಯಿ ಕಿಟಾರನೆ ಕಿರುಚಿಕೊಂಡರು. ಅವರ ಅಂಗಡಿಯ ಛತ್ತಿನ ಒಳಗೆ ಹಾದುಹೋಗುವ ಪೈಪು ಒಡೆದು, ನೀರು ಧಾರಾಕಾರ ಸುರಿಯುತ್ತಿತ್ತು. ಕೆಳಗೆ ಚಿಗಳ್ಳಿಯ ಮದುವೆ ಮನೆಯವರ ಹನ್ನೊಂದು ರೇಷ್ಮೆ ಬ್ಲೌಸು. ಸಂಜೆ ಒಯ್ಯಲು ಬರುವವರಿದ್ದರು, ಮರುದಿನವೇ ಅಕ್ಷತೆ. ಆ ಬಾಯಿಯವರಿಗೆ ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಆಧಾರವಿಲ್ಲ; ಊರಲ್ಲಿ ಒಮ್ಮೆ ಹೆಸರು ಕೆಟ್ಟರೆ ಮುಗಿಯಿತು. ಗಂಗಕ್ಕ, ಸಲೂನಿನವನು ಓಡಿ ಬಂದು ಬಟ್ಟೆ ಹೊರಗೆ ಸಾಗಿಸತೊಡಗಿದರು. "ಸೆಕ್ರೆಟರಿ ಸಾಹೇಬ್ರ, ನೀರ್ ಬಂದ್ ಮಾಡ್ರಿ!" ಎಂದು ಬಾಯಿಯವರು ಅಳುದನಿಯಲ್ಲಿ ಕೂಗಿದರು. ನಾನು ಎರಡೆರಡು ಮೆಟ್ಟಿಲು ಹಾರುತ್ತ ಟೆರೇಸು ಸೇರಿದೆ.

ದೊಡ್ಡ ವಾಲ್ವು ಹಿಡಿದು ತಿರುಗಿಸಿದೆ. ಅಲುಗಲಿಲ್ಲ. ನನ್ನ ಮೂರು ಸಲದ ಬಣ್ಣ ಒಣಗಿ ಚಕ್ರವನ್ನೂ ಕಡ್ಡಿಯನ್ನೂ ಒಂದೇ ಮಾಡಿಬಿಟ್ಟಿತ್ತು. ಸಣ್ಣವು ನಾಲ್ಕೂ ಬಲ ಹಾಕಿದರೆ ತಿರುಗುವಂತಿದ್ದವು, ಆದರೆ ಒಂದೇ ನೀಲಿ, ಒಂದೇ ಮುಖ. ಮೊದಲನೆಯದನ್ನು ಮುಚ್ಚಿ "ನಿಂತ್ರೀ?" ಎಂದೆ. "ನಮ್ದ ನಿಂತತ್ರಿ! ಗಿರಾಕಿ ಮಾರಿ ತುಂಬ ಸಾಬೂನ ಐತಿ!" ಎಂದಿತು ಸಲೂನು. ಪಾಪ ಅನಿಸಿ ತೆರೆದೆ. ಎರಡನೆಯದು ಮುಚ್ಚಿದೆ. "ಇನ್ನೂ ಸುರ್ಯಾಕ ಹತ್ತೈತ್ರೀ!" ಎಂದರು ಬಾಯಿಯವರು. ತೆರೆದೆ. ಮೂರನೆಯದಕ್ಕೆ ಗಂಗಕ್ಕ, "ಅಕ್ಕಿ ತೊಳೀಲಿಕ್ಕ ನೀರಿಲ್ಲೋ ಯಪ್ಪಾ!" ಎಂದಳು. ನಾಲ್ಕನೆಯದಕ್ಕೆ ನೀರು ಹೋಯಿತೆಂದು ಡಾಕ್ಟರೇ ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದರು. ಅದನ್ನೂ ತೆರೆದೆ. ನಾಲ್ಕೂ ಮುಗಿದವು, ನೀರು ಮಾತ್ರ ಸುರಿಯುತ್ತಲೇ ಇತ್ತು. ಪ್ಲಂಬರ್ ಮೌಲಾಸಾಬರಿಗೆ ಫೋನು ಹಚ್ಚಿ, ದೊಡ್ಡ ವಾಲ್ವು ಅಲುಗದ್ದನ್ನೂ ಸಣ್ಣವನ್ನು ಒಂದೊಂದೇ ಮುಚ್ಚಿ ತೆರೆದದ್ದನ್ನೂ ಹೇಳಿದೆ. ಅವರು ಅಣ್ಣನ ಮಗಳ ಲಗ್ನಕ್ಕೆ ಮುಂಡಗೋಡಿಗೆ ಹೋಗಿದ್ದರು.

"ಚಿಂದಿ ನೋಡ್ರಿ ಸರ್. ಯಾವ ಅಂಗಡಿ ಲೈನಿಗೆ ಆ ಅಂಗಡೀದ ಚಿಂದಿ ಕಟ್ಟೇನಿ. ಜರಿ ಚೂರು ಐತೆಲ್ಲ, ಅದ ಬಾಯಾರ ಕಡೆ ಹೋಗೂದು."

"ಚಿಂದಿ ಇಲ್ಲ, ಮೌಲಾಸಾಬ್ರ."

"ಎಲ್ಲಿ ಹೋದ್ವು?"

"ನಾನ ಸುಟ್ಟೆ."



"ಯಾ ಅಲ್ಲಾ! ಆತು, ನಾಕೂ ಒಮ್ಮೆಲೇ ಬಂದ್ ಮಾಡ್ರಿ. ಮಾಡಿ ಸುಮ್ನ ನಿಂದರ್ರಿ. ಪೈಪ್ನ್ಯಾಗ, ಛತ್ತಿನ್ಯಾಗ ಉಳದ ನೀರು ಇಳ್ಯಾಕ ಟೈಮ್ ಬೇಕಲ್ರೀ. ನೀವು ಬಾಯಾರ ವಾಲ್ವನ್ನೂ ಮುಚ್ಚಿ ಮತ್ತ ತಗದಿರಬೇಕು!"

ಎರಡನೆಯದು! ನಾಲ್ಕನ್ನೂ ಒಟ್ಟಿಗೆ ಮುಚ್ಚಬಹುದೆಂಬ ವಿಚಾರ, ಆಣೆ ಮಾಡಿ ಹೇಳುತ್ತೇನೆ, ನನ್ನ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಮುಚ್ಚಿದೆ. ನಿಂತೆ. ಐದು ನಿಮಿಷದಲ್ಲಿ ನೀರೂ ನಿಂತಿತು.

ಹತ್ತು ಬ್ಲೌಸು ಉಳಿದಿದ್ದವು. ಮದುಮಗಳ ತಾಯಿಯದು ಮಾತ್ರ ತೊಯ್ದು ಬಣ್ಣ ಬಿಟ್ಟಿತ್ತು. ಶಕುಂತಲಾಬಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಪೇಟೆಗೆ ಓಡಿ ಅದೇ ಬಣ್ಣದ ರೇಷ್ಮೆ ತಂದುಕೊಟ್ಟೆ. ಖಾನಾವಳಿಯ ಒಂದು ಟೇಬಲಿನ ಮೇಲೆ ಯಂತ್ರ ಇಟ್ಟು ಅವರು ಮಧ್ಯಾಹ್ನದ ಊಟ ಬಿಟ್ಟು ಹೊಲಿದರು. "ಹುಕ್ಕಾದರೂ ಹಚ್ಚಲೇನ್ರೀ?" ಎಂದು ಕೇಳಿದೆ. "ನೀವು ಏನೂ ಮುಟ್ಟಬ್ಯಾಡ್ರಿ, ಕೈ ಮುಗೀತೇನಿ" ಎಂದರು. ಚಿಗಳ್ಳಿಯವರು ಬಾಗಿಲಿಗೆ ಬಂದಾಗ ಅವರು ಕೊನೆಯ ದಾರ ಕತ್ತರಿಸುತ್ತಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೌಲಾಸಾಬರು ಮರಳಿ ಬಂದು ಪೈಪು ಸರಿಮಾಡಿದ ಮೇಲೆ ಸಭೆ ಕರೆದು ರಾಜೀನಾಮೆ ಕೊಟ್ಟೆ. ಯಾರೂ ತೆಗೆದುಕೊಳ್ಳಲಿಲ್ಲ. ಅಭಿಮಾನದಿಂದ ನನ್ನ ಕಣ್ಣು ತುಂಬುವುದರಲ್ಲಿತ್ತು. ಆಗ ಗಂಗಕ್ಕ ಬಾಯಿಬಿಟ್ಟಳು: "ಇವ್ರನ್ನ ತಗದ್ರ ಪೂರಾ ಖಾಲಿ ಆಗ್ತಾರ. ಖಾಲಿ ಆದ್ರ ಮತ್ತ ಮ್ಯಾಲ ಹತ್ತತಾರ. ಇರ್ಲಿ ಬಿಡ್ರಿ, ಅರ್ಜಿ ಬರಕೋತ ಕೆಳಗ ಕುಂದರ್ಲಿ." ಹಾಗೆಂದು ಟೆರೇಸಿನ ಕೀಲಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸೆಕ್ರೆಟರಿಯವರು ಇನ್ನು ಮುಂದೆ ಟೆರೇಸು ಹತ್ತಕೂಡದೆಂದು ಠರಾವಾಯಿತು. ಬರೆಯುವುದು ಸೆಕ್ರೆಟರಿಯ ಕೆಲಸ, ಚಂದದ ಅಕ್ಷರದಲ್ಲಿ ನಾನೇ ಬರೆದು ಓದಿದೆ. ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದೆ. ಮೊದಲು ಎದ್ದದ್ದು ಶಕುಂತಲಾಬಾಯಿಯವರ ಕೈ. ಎರಡನೆಯದು ನನ್ನದು.