ಹೆಜ್ಜೇನಿನ ಕೆಳಗೆ ತೆಗೆದ ಫೋಟೋ

ಮದುವೆಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿರುವವನು ಮದುಮಗ ಎಂಬುದು ಲೋಕದ ನಂಬಿಕೆ. ಇಪ್ಪತ್ತೆರಡು ವರ್ಷ ಮದುವೆಗಳ ಫೋಟೋ ತೆಗೆದ ಅನುಭವದ ಮೇಲೆ ಹೇಳುತ್ತೇನೆ, ಅದು ಸುಳ್ಳು. ಮದುಮಗನಿಗೆ ಹೆದರಲು ಮುಂದೆ ಇಡೀ ಬಾಳು ಇದೆ. ಅವತ್ತೇ ಹೆದರಿ ಮುಗಿಸಬೇಕೆಂಬ ಅವಸರ ಅವನಿಗಿಲ್ಲ. ಫೋಟೋದವನ ಗತಿ ಹಾಗಲ್ಲ. ತಾಳಿಗೆ ಬೀಳುವುದು ಮೂರೇ ಗಂಟು. ಆ ಮೂರು ಗಂಟಿನೊಳಗೆ ಯಾರೋ ಒಬ್ಬ ದೊಡ್ಡಪ್ಪ ಅಡ್ಡ ಬರಬಹುದು, ಬ್ಯಾಟರಿ ಸಾಯಬಹುದು, ನನಗೇ ಸೀನು ಬರಬಹುದು. ಹಿಂಡಲಗಾದ ಒಂದು ಮದುವೆಯಲ್ಲಿ ಹೀಗೇ ಬ್ಯಾಟರಿ ಕೈಕೊಟ್ಟು, ‘ಇನ್ನೊಮ್ಮೆ ಕಟ್ಟಿದಂಗ ಮಾಡ್ರಿ’ ಎಂದು ಮದುಮಗನಿಗೆ ಹೇಳಿ, ಹುಡುಗಿಯ ಸೋದರತ್ತೆಯಿಂದ ‘ಒಂದ ಕೊರಳಿಗೆ ಎರಡ ಸಲ ತಾಳಿ ಕಟ್ಟಸ್ತೀಯೇನೋ, ಬಾಡ್ಯಾ?’ ಎಂದು ಬೈಸಿಕೊಂಡಿದ್ದೆ. ಅಂದಿನಿಂದ ನನ್ನ ಚೀಲದಲ್ಲಿ ಎಲ್ಲವೂ ಜೋಡಿ. ಕ್ಯಾಮೆರಾ ಎರಡು, ಲೆನ್ಸಿನ ಮುಚ್ಚಳ ಎರಡು, ಜ್ವರದ ಗುಳಿಗೆಯ ಪಟ್ಟಿಯೂ ಎರಡು. ನನ್ನ ಹೆಂಡತಿ ಸುನಂದಾ ಹೇಳುವಂತೆ ಒಂದೇ ಇರುವುದು ನನ್ನ ಧೈರ್ಯ. ಅದನ್ನೂ ನಾನು ಮನೆಯಲ್ಲೇ ಮರೆತು ಹೋಗುತ್ತೇನೆ.

ಇಂಥ ನಾನು ಒಂದು ಹೊಸ ಕ್ಯಾಮೆರಾ ಕೊಂಡೆ. ಕತ್ತಲಲ್ಲೂ ಕಾಣುತ್ತದೆ ಎಂಬುದು ಅದರ ಹೆಗ್ಗಳಿಕೆ. ಇಲ್ಲಿ ಸ್ವಲ್ಪ ವಿವರಿಸಬೇಕು. ಕ್ಯಾಮೆರಾದಲ್ಲಿ ಐಎಸ್‌ಒ ಎಂಬ ಒಂದು ಅಂಕಿ ಇರುತ್ತದೆ. ಅದನ್ನು ಏರಿಸಿದಷ್ಟೂ ಇದ್ದ ಚೂರು ಬೆಳಕನ್ನೇ ಕ್ಯಾಮೆರಾ ಹೆಚ್ಚು ಮಾಡಿ ತೋರಿಸುತ್ತದೆ. ದೂರದ ರೇಡಿಯೋ ಕೇಂದ್ರ ಕೇಳಿಸದಿದ್ದಾಗ ಸದ್ದು ಏರಿಸುತ್ತೇವಲ್ಲ, ಹಾಗೆ. ಹಾಡೂ ಜೋರಾಗುತ್ತದೆ, ಗರಗರವೂ ಜೋರಾಗುತ್ತದೆ. ಫೋಟೋದಲ್ಲಿ ಆ ಗರಗರ ಕಾಳುಕಾಳಾಗಿ ಮುಖದ ತುಂಬ ಕೂರುತ್ತದೆ. ಅಂಕಿ ಇಳಿಸಿದರೆ ಕಾಳು ಹೋಗುತ್ತದೆ, ಆದರೆ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು. ಅಷ್ಟರಲ್ಲಿ ಏನಾದರೂ ಅಲುಗಿದರೆ ಚಿತ್ರ ಕಲಸಿಹೋಗುತ್ತದೆ. ಕಾಳೋ ಕಲಸೋ, ಎರಡರಲ್ಲೊಂದಕ್ಕೆ ಹೆದರಲೇಬೇಕು. ಹೊಸ ಕ್ಯಾಮೆರಾದಲ್ಲಿ ಕಾಳು ಕಡಿಮೆ ಎಂದು ಅಂಗಡಿಯವನು ಹೇಳಿದ್ದ. ಅವನು ಹೇಳಿದ್ದಕ್ಕೆ ನಾನು ನಾಲ್ಕು ಸೇರಿಸಿ ಊರಿಗೆಲ್ಲ ಹೇಳಿದೆ.

ಆ ಮಾತು ಖಾನಾಪುರದ ಭರಮಣ್ಣನವರ ಕಿವಿಗೆ ಬಿತ್ತು. ಕುರಿ ಕಾಯ್ದ ಮನೆತನದವರು, ಈಗ ಪಂಚಾಯಿತಿ ಕಚೇರಿಯಲ್ಲಿ ನೌಕರಿ. ಮಗಳು ರೇಣುಕಾ ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳ ಮದುವೆಯ ಫೋಟೋಕ್ಕೆಂದು ಅದೇ ಊರಿನ ಕ್ಯಾಂಪ್ ಪ್ರದೇಶದಲ್ಲಿರುವ ನನ್ನ ಸ್ಟುಡಿಯೋಕ್ಕೆ ಬಂದು ಕುಳಿತರು.

“ಫೋಟೋದವ್ರ, ನಮ್ಮ ಮನಿದೇವರ ಗುಡ್ಯಾಗ ಲಗ್ನ. ಗೋಧೂಳಿ ಮುಹೂರ್ತ. ಅಲ್ಲಿ ಬಲ್ಬ್ ಇಲ್ಲ, ಫ್ಲ್ಯಾಶ್ ಹೊಡಿಯೂಹಂಗ ಇಲ್ಲ. ಮೂರು ಮಂದಿ ಫೋಟೋದವ್ರು ಆಗೂದಿಲ್ಲ ಅಂದ್ರು. ನಿಮ್ಮ ಕಡೆ ಕತ್ತಲ್ಯಾಗ ಕಾಣೂ ಕ್ಯಾಮೆರಾ ಐತಂತ?”

“ಅಮಾಸಿ ರಾತ್ರ್ಯಾಗ ಕರೀ ಎಮ್ಮಿ ನಿಂದರಸ್ರಿ, ಅದರ ಹುಬ್ಬಿನ ಕೂದಲಾ ಎಣಿಸಿ ಕೊಡ್ತೀನಿ,” ಎಂದೆ.

ಅವರು ಸಂತೋಷದಿಂದ ಚಹಾ ಕುಡಿದು, ತಾರೀಖು ಬರೆಸಿ, ಬಾಗಿಲ ಹೊರಗೆ ಚಪ್ಪಲಿ ಮೆಟ್ಟುವಾಗ ನಾನು ಸುಮ್ಮನೆ ಕೇಳಿದೆ, “ಅಲ್ರೀ, ಬಲ್ಬ್ ಯಾಕ ಹಾಕಿಲ್ಲ?”

“ಹೆಜ್ಜೇನು ಕಟ್ಟ್ಯಾವ್ರಿ, ಮಾಳಗಿಗೆ. ಬೆಳಕ ಕಂಡ್ರ ಏಳ್ತಾವ,” ಎಂದರು, ಮಳೆ ಬಂದರೆ ನೆನೆಯುತ್ತೇವೆ ಎಂಬಷ್ಟು ಸರಳವಾಗಿ. ಜಾಗ ಬದಲಿಸಲು ಆಗದೇ ಎಂದು ಕೇಳಿದೆ. ಆಗದಂತೆ. ರೇಣುಕಾ ಸಣ್ಣವಳಿದ್ದಾಗ ಜ್ವರ ಬಂದು ಕೈಬಿಟ್ಟುಹೋಗುವಂತಾದಾಗ ಅವಳ ಆಯಿ, ಅಂದರೆ ಭರಮಣ್ಣನವರ ತಾಯಿ, ಹರಕೆ ಹೊತ್ತಿದ್ದರು: ಹುಡುಗಿ ಬದುಕಿದರೆ ಇದೇ ದೇವರ ಮುಂದೆ ಅಕ್ಕಿಕಾಳು, ಅಂದರೆ ಮದುವೆಯ ಅಕ್ಷತೆ. “ಜೇನಿಗೇನ ಅಂಜಬ್ಯಾಡ್ರಿ. ಅವು ನಮ್ಮ ಕಡೀ ಬೀಗರು ಅಂತಾಳ ನಮ್ಮವ್ವ.”

ಬೀಗರೆಂದರೂ ನನಗೆ ಮೊದಲೇ ಹೆದರಿಕೆ.

ಮನೆಗೆ ಬಂದು ಹೇಳಿದೆ. ಸುನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು, “ನಿಮಗ ಕತ್ತಲಿ ಅಂದ್ರ ಅಂಜಿಕಿ. ನೊಣ ಮೈಮ್ಯಾಲ ಕುಂತ್ರ ಎದ್ದು ಓಡ್ತೀರಿ. ಯಾಕ ಹೂಂ ಅಂದ್ರಿ?” ಹೂಂ ಎಂದ ಬಾಯಿಯನ್ನು ವಾಪಸು ಕರೆಯುವ ದಾರಿ ಇರಲಿಲ್ಲ. ಉಳಿದದ್ದು ಅಭ್ಯಾಸ. ಅಡುಗೆಮನೆಯ ದೀಪ ಆರಿಸಿ, ಒಲೆಯ ಉರಿಯ ಬೆಳಕಿನಲ್ಲಿ ಅವಳನ್ನೇ ಮದುಮಗಳೆಂದು ತಿಳಿದು ಫೋಟೋ ತೆಗೆಯತೊಡಗಿದೆ. “ಅಲ್ಲಾಡಬ್ಯಾಡ,” ಎಂದರೆ, “ರೊಟ್ಟಿ ಹೊತ್ತತಾವ್ರಿ,” ಎನ್ನುವಳು. ಅಂಕಿ ಏರಿಸಿ ತೆಗೆದ ಒಂದನ್ನು ತೋರಿಸಿದೆ. ಬಹಳ ಹೊತ್ತು ನೋಡಿ, “ನನಗ ಮೈಲಿಬ್ಯಾನಿ ಬಂದಂಗ ಕಾಣ್ತೈತಿ. ಇದನ್ನ ನಮ್ಮ ಅಪ್ಪನ ಮನಿಗೆ ಕಳಸಬ್ಯಾಡ್ರಿ, ಓಡಿಬರ್ತಾರ,” ಎಂದಳು. ಅವತ್ತು ಕಾಳಿನ ಭಯ ನನ್ನ ಎದೆಯಲ್ಲಿ ಕುಳಿತದ್ದು ಮತ್ತೆ ಏಳಲಿಲ್ಲ.

ಮದುವೆಯ ದಿನ ಮಧ್ಯಾಹ್ನವೇ ಹೊರಟೆ. ಖಾನಾಪುರ ದಾಟಿ, ನಂದಗಡ ದಾಟಿ, ಡಾಂಬರು ರಸ್ತೆ ಬಿಟ್ಟು ಕಾಡಿನ ಅಂಚಿನಲ್ಲಿ ಅರ್ಧ ಮೈಲು ನಡೆಯಬೇಕು. ಬಾಜಾ ಬಜಂತ್ರಿಯವರನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಿದ್ದರು. ಡೋಲಿಗೆ ತಲೆಯಿಟ್ಟು ಮಲಗಿದ್ದ ಒಬ್ಬ ನನ್ನನ್ನು ನೋಡಿ, “ನೀವು ಒಳಗ ಹೊಂಟೀರೇನ್ರಿ?” ಎಂದು ಕೇಳಿದ. ಆ ದನಿಯಲ್ಲಿದ್ದ ಕನಿಕರ ನನಗೆ ಹಿಡಿಸಲಿಲ್ಲ.

ಗುಡಿ ಹಳೆಯದು. ಮೂರು ಕಡೆ ಕಲ್ಲಿನ ಗೋಡೆ, ಮುಂದಿನ ಒಂದು ಬದಿ ಮಾತ್ರ ಬಯಲು, ಆ ಬಯಲನ್ನೂ ಒಂದು ದೊಡ್ಡ ಮಾವಿನಮರ ಮುಚ್ಚಿತ್ತು. ಒಳಗೆ ದೇವರ ಮುಂದೆ ಎರಡು ಎಣ್ಣೆದೀಪ. ಕತ್ತು ಎತ್ತಿದೆ. ಮಾಳಿಗೆಯ ಕಲ್ಲಿಗೆ ಮೊರದಷ್ಟು ಅಗಲದ ಮೂರು ಹುಟ್ಟು ಜೋತಿದ್ದವು. ಕಪ್ಪಗೆ, ಮೆತ್ತಗೆ, ಉಸಿರಾಡುತ್ತಿರುವಂತೆ. ನಾನು ಅಲ್ಲೇ ಒಂದು ಕಲ್ಲಿನ ಕಂಬ ಹಿಡಿದು ನೆಲಕ್ಕೆ ಕುಳಿತೆ. ನೋಡಿದವರು ಫೋಟೋಕ್ಕೆ ಒಳ್ಳೆಯ ಜಾಗ ಹುಡುಕುತ್ತಿದ್ದಾನೆ ಎಂದುಕೊಂಡರು.

ನಲವತ್ತು ಮಂದಿ ಒಳಗೆ ಬಂದರು, ಸಣ್ಣ ಮಕ್ಕಳೂ ಇದ್ದರು. ಪೂಜಾರಿ ಅಜ್ಜ ಮೆಲ್ಲನೆ ಕಟ್ಟಳೆ ಹೇಳಿದ, “ಮೊಬೈಲ್ ತಗೀಬ್ಯಾಡ್ರಿ. ಅಕ್ಕಿಕಾಳು ಮ್ಯಾಲ ಒಗೀಬ್ಯಾಡ್ರಿ, ತಲಿ ಮ್ಯಾಲ ಇಡ್ರಿ. ಓಡೂದಂತೂ ಬ್ಯಾಡ.” ಸೂರ್ಯ ಇಳಿದ. ಮಂಗಲಾಷ್ಟಕ ಪಿಸುಮಾತಿನಲ್ಲಿ ಶುರುವಾಯಿತು. ಪ್ರತಿ ಶ್ಲೋಕದ ಕೊನೆಗೆ ‘ಸಾವಧಾನ’ ಎನ್ನುತ್ತಾರಲ್ಲ, ಸಾವಿರಾರು ಸಲ ಕೇಳಿದ್ದೆ. ಆ ಮಾತಿಗೆ ಅರ್ಥವಿದೆ ಎಂದು ಹೊಳೆದದ್ದು ಅವತ್ತೇ.

ನಾನು ಕ್ಯಾಮೆರಾದ ಸದ್ದು ಬಂದ್ ಮಾಡಿದ್ದೆ, ಹಿಂದಿನ ಪರದೆಯನ್ನೂ ಆರಿಸಿದ್ದೆ, ಅಂಕಿಯನ್ನು ಇಪ್ಪತ್ತೈದು ಸಾವಿರದ ಆಚೆ ಏರಿಸಿದ್ದೆ. ನಾಲ್ಕು ಫೋಟೋ ತೆಗೆದೆ. ಬೆಳಕು ಇನ್ನೂ ಇಳಿಯಿತು. ಮದುಮಗ, ಬಾಳು ಅವನ ಹೆಸರು, ತಾಳಿಯನ್ನು ಕೈಗೆ ತೆಗೆದುಕೊಂಡಿದ್ದ. ಕಟ್ಟುವ ಮೊದಲು ಒಂದು ಫೋಟೋ ಇರಲಿ ಎಂದು, ನೆಲಕ್ಕೆ ಕುಳಿತು, ಕ್ಯಾಮೆರಾವನ್ನು ಮೇಲ್ಮುಖ ಮಾಡಿ ಗುಂಡಿ ಒತ್ತಿದೆ.

ಕ್ಯಾಮೆರಾದ ಮುಖದಲ್ಲಿ ಒಂದು ಸಣ್ಣ ಕಿತ್ತಳೆ ದೀಪ ಇರುತ್ತದೆ. ಫೋಕಸ್ ಸಿಗದಷ್ಟು ಕತ್ತಲಾದರೆ ಅದು ತಾನಾಗಿ ಹತ್ತುತ್ತದೆ. ಅಡುಗೆಮನೆಯಲ್ಲಿ ಒಲೆಯ ಬೆಳಕು ಸಾಕಾಗಿದ್ದರಿಂದ ಹತ್ತಿರಲಿಲ್ಲ. ಅದನ್ನು ಬಂದ್ ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ. ಈಗ ಅದು ಹತ್ತಿತು. ಕಿತ್ತಳೆ ಬೆಳಕು ಮದುಮಗಳ ಭುಜ ಹಾಯ್ದು ನೆಟ್ಟಗೆ ಮಾಳಿಗೆಗೆ ಬಿತ್ತು.

ನಡುವಿನ ಹುಟ್ಟಿನ ಮೇಲೆ, ಭತ್ತದ ಗದ್ದೆಯ ಮೇಲೆ ಗಾಳಿ ಸುಳಿದಂತೆ ಒಂದು ಅಲೆ ಹರಿಯಿತು. ಸರ್ರ್ ಎಂಬ ಸದ್ದು. ಮತ್ತೊಂದು ಅಲೆ. ಮಕ್ಕಳು, ಓಡಲಾರದ ಆಯಿ, ಅರ್ಧ ಮೈಲು ದೂರದ ರಸ್ತೆ, ನಾಳೆಯ ಪತ್ರಿಕೆಯಲ್ಲಿ ನನ್ನ ಹೆಸರು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಹಿಂದಿನಿಂದ ಬೀಗರ ಕಡೆಯ ಹಿರಿಯರೊಬ್ಬರು, “ಹಳೂ, ಹಳೂ,” ಎಂದು ಮರಾಠಿಯಲ್ಲಿ, ಅಂದರೆ ಮೆಲ್ಲಗೆ ಮೆಲ್ಲಗೆ ಎಂದು, ಪಿಸುಗುಡುತ್ತಿದ್ದರು. ಪೂಜಾರಿ ಅಜ್ಜನ ಪಿಸುದನಿ ಬಂತು, “ಯಾರದು ಬೆಂಕಿ?”

ಉತ್ತರ ಕೊಟ್ಟವಳು ಮದುಮಗಳು. ತಲೆ ಎತ್ತದೆ, ಇಂಜೆಕ್ಷನ್ ಚುಚ್ಚುವ ಮೊದಲು ನರ್ಸುಗಳು ಮಾತಾಡುವ ದನಿಯಲ್ಲಿ ಅಂದಳು, “ಯಾರೂ ಅಲ್ಲಾಡಬ್ಯಾಡ್ರಿ. ಉಸಿರು ಸಣ್ಣಗ ಬಿಡ್ರಿ. ಕಾಕಾ, ಆ ದೀಪದ ಮ್ಯಾಲ ಬೊಟ್ಟ ಇಡ್ರಿ.”

ನನ್ನ ಬೆರಳು ದೀಪವನ್ನು ಹುಡುಕಿ ಮೂರು ಸಲ ಲೆನ್ಸಿಗೇ ತಾಗಿತು. ಪಕ್ಕದಲ್ಲಿದ್ದ ರೇಣುಕಾಳ ಚಿಗವ್ವ ಅದನ್ನು ನೋಡಲಾರದೆ ಪರ್ಸಿನಿಂದ ಹಣೆಗೆ ಅಂಟಿಸುವ ಟಿಕಲಿಯ ಚೀಟಿ ತೆಗೆದು, ದೊಡ್ಡದೊಂದು ಮೆರೂನ್ ಟಿಕಲಿಯನ್ನು ಕಿತ್ತು, ನನ್ನ ಕ್ಯಾಮೆರಾದ ಹಣೆಗೆ ಹಚ್ಚಿಬಿಟ್ಟರು. ದೀಪ ಮುಚ್ಚಿತು. ಆದರೆ ಒಂದು ಹುಳ ಅಷ್ಟರಲ್ಲೇ ಇಳಿದಿತ್ತು. ಎರಡು ಸುತ್ತು ಸುತ್ತಿ, ತಾಳಿ ಹಿಡಿದಿದ್ದ ಬಾಳುವಿನ ಹೆಬ್ಬೆರಳಿನ ಮೇಲೆ ಕುಳಿತಿತು.

ಯಾರೂ ಮಿಸುಕಲಿಲ್ಲ. ಬಾಳು ಒಮ್ಮೆ ರೇಣುಕಾಳನ್ನು ನೋಡಿದ. “ಕಟ್ರಿ,” ಎಂದಳು. ಅವನು ಹುಳವನ್ನು ಹೆಬ್ಬೆರಳಿನ ಮೇಲೆ ಇಟ್ಟುಕೊಂಡೇ ಮೂರು ಗಂಟು ಹಾಕಿದ. ನಾನು ಫೋಟೋ ತೆಗೆದೆ. ತೆಗೆಯುವ ಮೊದಲು ಒಂದು ಲೆಕ್ಕ ಹಾಕಿದ್ದೆ. ನಲವತ್ತು ಮಂದಿ ಕಲ್ಲಿನಂತೆ ನಿಂತಿದ್ದಾರೆ. ಇಂಥ ಮದುವೆ ಯಾವ ಫೋಟೋದವನಿಗೂ ಸಿಕ್ಕಿರಲಿಕ್ಕಿಲ್ಲ. ಇವರು ಹೀಗೆ ನಿಂತಿರುವಾಗ ಆ ದೊಡ್ಡ ಅಂಕಿ ಯಾಕೆ, ಆ ಮೈಲಿಬೇನೆಯ ಕಾಳು ಯಾಕೆ? ಅಂಕಿಯನ್ನು ಮೂರು ಸಾವಿರಕ್ಕೆ ಇಳಿಸಿ, ಕ್ಯಾಮೆರಾದ ಕಣ್ಣು ನಿಧಾನವಾಗಿ ತೆರೆದು ಮುಚ್ಚಲು ಬಿಟ್ಟೆ. ಆಮೇಲೆ ಹುಳ ತಾನಾಗಿ ಎದ್ದು ಮೇಲೆ ಹೋಯಿತು. ಒಬ್ಬೊಬ್ಬರಾಗಿ, ಬೆನ್ನು ತೋರಿಸದೆ, ಹಿಮ್ಮುಖವಾಗಿ ಹೊರಗೆ ಬಂದೆವು. ಯಾರಿಗೂ ಏನೂ ಆಗಲಿಲ್ಲ. ರಸ್ತೆ ಮುಟ್ಟಿದ ಮೇಲೆ ಬಾಜಾ ಎಷ್ಟು ಜೋರಾಗಿ ಬಡಿದರೆಂದರೆ ನನ್ನ ಹಲ್ಲು ಕಟಕಟ ಎನ್ನುವುದು ಯಾರಿಗೂ ಕೇಳಿಸಲಿಲ್ಲ.

ವಾರದ ಮೇಲೆ ಲ್ಯಾಪ್‌ಟಾಪ್ ಹಿಡಿದು ಖಾನಾಪುರಕ್ಕೆ ಹೋದೆ. ಭರಮಣ್ಣನವರು, ಆಯಿ, ಹೊಸ ಜೋಡಿ ಸುತ್ತ ಕುಳಿತರು. ಮೊದಲು ಅಂಕಿ ಏರಿಸಿ ತೆಗೆದವನ್ನು ತೋರಿಸಿದೆ. ಕಾಳೋ ಕಾಳು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಆಯಿ ಪರದೆಯನ್ನು ಮುಟ್ಟಿ, “ಅಕ್ಕಿಕಾಳು ಎಷ್ಟ್ ಚಂದ ಬಿದ್ದಾವ ನೋಡ್ರಿ. ಆ ಪೂಜಾರಿ ಒಗೀಬ್ಯಾಡ್ರಿ ಅಂದ್ರೂ ಮಂದಿ ಬಿಟ್ಟಿಲ್ಲ,” ಎಂದರು. ತಿದ್ದುವುದು ನನಗೆ ಸರಿಕಾಣಲಿಲ್ಲ.

ಮುಂದಿನದು ತಾಳಿಯ ಫೋಟೋ. ಕಾಳು ಒಂದೂ ಇರಲಿಲ್ಲ, ಆದರೆ ಇಡೀ ಚಿತ್ರ ಬಿಸಿಲಿಗಿಟ್ಟ ಬೆಣ್ಣೆಯಂತೆ ಹರಿದಿತ್ತು. ಬೆಳಗಾವಿಯಲ್ಲೇ ನೋಡಿದ್ದೆ, ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಭರಮಣ್ಣನವರು ನಕ್ಕರು, “ಏನ್ರಿ ಅಳಿಯಂದ್ರ, ಅಷ್ಟ್ ಅಂಜಿದ್ರೇನು? ಕೈ ಹೆಂಗ ಥರಥರಾ ಅಂದಾವ ನೋಡ್ರಿ!”

ಬಾಳು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕರಗಿದ ಕಬ್ಬಿಣವನ್ನು ಅಚ್ಚಿಗೆ ಸುರಿಯುವವನು. ಅವನ ಮುಖ ಸಣ್ಣದಾಯಿತು. “ಖರೇ ಹೇಳ್ತೀನ್ರಿ ಮಾವಾರ, ನನ್ನ ಕೈ ಅಲ್ಲಾಡಿಲ್ಲ,” ಎಂದು ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ನೋಡಿದರು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತು ಬಾಯಿಗೆ ಬರುವ ಮೊದಲು ನನ್ನ ಇಪ್ಪತ್ತೆರಡು ವರ್ಷದ ಹೆಸರು ಅಡ್ಡ ಬಂತು. ತಜ್ಞನ ದನಿಯಲ್ಲಿ, “ಕತ್ತಲ್ಯಾಗ ಹಂಗ ರೀ. ತಾಳಿ ಕಟ್ಟುವಾಗ ಯಾರದಾದ್ರೂ ಕೈ ಒಂದೀಟ ಅಲ್ಲಾಡೂದ. ದೊಡ್ಡದೇನಲ್ಲ,” ಎಂದೆ.

ರೇಣುಕಾ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಚಿತ್ರವನ್ನು ದೊಡ್ಡದು ಮಾಡಿ, ಅದರಲ್ಲಿ ಗಂಡನ ಬೆನ್ನ ಹಿಂದೆ ಬೆರಳು ಇಟ್ಟಳು.

“ಕಾಕಾ, ಈ ಕಲ್ಲಿನ ಕಂಬ ಐತಲ್ರಿ. ಇದೂ ತಾಳಿ ಕಟ್ಟಾಕತ್ತಿತ್ತೇನು?”

ಎಲ್ಲರೂ ಬಗ್ಗಿ ನೋಡಿದರು. ಬಾಳುವಿನ ಕೈಯಷ್ಟೇ ಕಂಬವೂ ನಡುಗಿತ್ತು. ಅದರ ಪಕ್ಕದ ದೀಪ ನಡುಗಿತ್ತು, ದೇವರೂ ನಡುಗಿದ್ದ. ಅಷ್ಟೆಲ್ಲ ಒಟ್ಟಿಗೆ ನಡುಗಬೇಕಾದರೆ ನಡುಗಿದವನು ಯಾರೆಂದು ಕುರಿ ಕಾಯ್ದ ಮನೆಯ ಆಯಿಗೂ ತಿಳಿಯಿತು. ನಡುಗಿದ್ದು ಕ್ಯಾಮೆರಾ ಹಿಡಿದ ನನ್ನ ಕೈ ಎಂದು ಒಪ್ಪಿಕೊಂಡೆ. ಆ ಚಿತ್ರ ಅಳಿಸಿಬಿಡುತ್ತೇನೆ ಎಂದೆ. ರೇಣುಕಾ ಬಿಡಲಿಲ್ಲ. “ಅಳಿಸಬ್ಯಾಡ್ರಿ. ದೊಡ್ಡದು ಮಾಡಿ, ಕಟ್ಟ ಹಾಕಿಸಿ ಕೊಡ್ರಿ, ಪಡಸಾಲ್ಯಾಗ ಹಾಕ್ತೀವಿ. ಮೂಲ್ಯಾಗ ನಿಮ್ಮ ಹೆಸರ ಮಾತ್ರ ಇರಲೇಬೇಕು. ನೋಡಿದವ್ರು, ಅಂಜಿದವ್ರು ಯಾರು ಅಂತ ಕೇಳ್ತಾರ.”

ಅವಳು ಹೇಳಿದ ಹಾಗೇ ಮಾಡಿಸಿ ಕೊಟ್ಟು ಬಂದೆ. ಗೋಡೆಗೆ ಏರಿಸಿದ ಮೇಲೆ ದೂರ ನಿಂತು ನೋಡಿದೆ. ಇಡೀ ಚಿತ್ರದಲ್ಲಿ ಒಂದಿಷ್ಟೂ ಅಲುಗದೆ ಸ್ಪಷ್ಟವಾಗಿ ನಿಂತದ್ದು ಒಂದೇ: ಮೂಲೆಯಲ್ಲಿದ್ದ ನನ್ನ ಹೆಸರು.