ಟೈ ಕಟ್ಟಿಕೊಂಡ ದನಿ

ಸಂದರ್ಶನ ಫೋನಿನಲ್ಲೇ ನಡೆಯುತ್ತದೆ ಎಂದು ಗೊತ್ತಾದ ಕೂಡಲೇ ದೂರಪ್ಪ ಎದೆಯುಬ್ಬಿಸಿಕೊಂಡು ಹೆಂಡತಿಯ ಮುಂದೆ ನಿಂತ.

"ಫೋನಲ್ಲಿ! ಅದೂ ನನ್ನನ್ನ! ಮೀನಿಗೆ ಈಜು ಬರುತ್ತಾ ಅಂತ ಕೇಳಿದ ಹಾಗಾಯ್ತು. ಕೆಲಸ ಸಿಕ್ಕೇಬಿಡ್ತು ಅಂತ ತಿಳ್ಕೊಂಡುಬಿಡು ಕಣೇ!"

"ತಿಳ್ಕೊಂಡೆ," ಎಂದಳು ಅವಳು, ಹಲ್ಲಿನಿಂದ ದಾರ ಕಡಿಯುತ್ತ. "ಹೋದ ಸಲಾನೂ ಹೀಗೇ ತಿಳ್ಕೊಂಡಿದ್ದೆ."

ದೂರಪ್ಪ ಅವನ ನಿಜವಾದ ಹೆಸರಲ್ಲ. ವಾಷಿಂಗ್ ಮಷೀನ್ ಕಂಪನಿಯೊಂದರಲ್ಲಿ ಗ್ರಾಹಕರ ದೂರು ಕೇಳುವ ಫೋನಿನ ಮುಂದೆ ಕೂತೂ ಕೂತೂ ತಲೆ ನರೆತವನಿಗೆ ಜೊತೆಯವರು ದಯಪಾಲಿಸಿದ ಬಿರುದು. ಎಂಥ ಬೆಂಕಿಯುಗುಳುವ ಗಿರಾಕಿಯನ್ನೂ ಬೆಣ್ಣೆಯಂತೆ ಕರಗಿಸಿ ಕಳಿಸುತ್ತಿದ್ದ ಮಹಾನುಭಾವ! ಆದರೆ ಕಂಪನಿಗೆ ಒಂದು ದಿನ ಜ್ಞಾನೋದಯವಾಯಿತು. ದೂರಿಗೆ ಒಂದನ್ನು ಒತ್ತಿ, ಬಿಲ್ಲಿಗೆ ಎರಡನ್ನು ಒತ್ತಿ ಎಂದು ಯಂತ್ರವೇ ಹೇಳಿದರೆ ಸಾಕಲ್ಲ? ಅದಕ್ಕೆ ಸಂಬಳ ಬೇಡ, ರಜೆ ಬೇಡ, ಸಂಜೆಯ ಟೀ ಬೇಡ. ದೂರಪ್ಪನ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಅಂದಿನಿಂದ ಮನೆ ನಡೆಯುತ್ತಿರುವುದು ಹೆಂಡತಿಯ ಸಂಬಳದಲ್ಲಿ. ಅವಳು ಸಿದ್ಧ ಉಡುಪಿನ ಅಂಗಡಿಯಲ್ಲಿ ಪ್ಯಾಂಟಿನ ಉದ್ದ ಕತ್ತರಿಸಿ ಹೊಲಿದು ಕೊಡುತ್ತಾಳೆ. ಈಗ ಸಂದರ್ಶನಕ್ಕೆ ಕರೆದಿರುವ ಕೆಲಸವೂ ಕೈತಪ್ಪಿದರೆ ಯಾವ ಮುಖ ಹೊತ್ತು ಅವಳ ಜೊತೆ ಊಟಕ್ಕೆ ಕೂರುವುದು ಎಂಬ ಸಂಕಟ ಅವನಿಗಿತ್ತು. ಅದನ್ನು ಮುಚ್ಚಲೆಂದೇ ಅಷ್ಟು ಜೋರು ದನಿ.

ಕರೆದಿದ್ದು ಸೋಫಾ, ಮಂಚ ಮಾರುವ ಕಂಪನಿ; ಅಲ್ಲೂ ಗ್ರಾಹಕರ ದೂರು ಕೇಳುವ ಕೆಲಸವೇ. ತಯಾರಿ ಯುದ್ಧೋಪಾದಿಯಲ್ಲಿ ಸಾಗಿತು. ಕೇಳಬಹುದಾದ ಪ್ರಶ್ನೆಗಳಿಗೆಲ್ಲ ದಪ್ಪಕ್ಷರದಲ್ಲಿ ಉತ್ತರ ಬರೆದು ಹಾಳೆಗಳನ್ನು ಮಂಚದ ತುಂಬ ಹರಡಿದ. ಸಂದರ್ಶಕಿಯ ಪಾತ್ರಕ್ಕೆ ಹೆಂಡತಿಯೇ ಗತಿ.

"ನಿಮ್ಮ ದೊಡ್ಡ ದೌರ್ಬಲ್ಯ ಯಾವುದು?"

"ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಬೇಕೆನ್ನುವ ನನ್ನ ಹಟ!"

ಅವಳು ಕುರ್ಚಿಯ ಮೇಲೆ ನಿನ್ನೆಯಿಂದ ಬಿದ್ದಿದ್ದ ಅವನ ಒದ್ದೆ ಟವೆಲನ್ನು ನೋಡಿದಳು. "ಇದನ್ನ ಬರೀ ಓದಿ ಹೇಳ್ತಿದೀರೋ, ನೀವೇ ನಂಬಿಬಿಟ್ಟಿದೀರೋ?"

"ಬರೆದುಕೊಟ್ಟಿದ್ದನ್ನ ಮಾತ್ರ ಕೇಳು! ಮುಂದಿನ ಪ್ರಶ್ನೆ!"

ಸಂದರ್ಶನದ ಬೆಳಿಗ್ಗೆ ಮನೆಯಲ್ಲಿ ಮೌನದ ಕಾನೂನು ಜಾರಿಯಾಯಿತು. ಗುಂಯ್‌ಗುಡುತ್ತದೆಂದು ಫ್ರಿಜ್ಜಿನ ಪ್ಲಗ್ ಕಿತ್ತ. ಟಿಕ್ ಟಿಕ್ ಎನ್ನುವ ಅಪರಾಧಕ್ಕೆ ಗೋಡೆ ಗಡಿಯಾರದ ಬ್ಯಾಟರಿ ತೆಗೆದ. ಬೀದಿಯ ಗಲಾಟೆ ಬಾರದಂತೆ ಕಿಟಕಿ ಮುಚ್ಚಿ, ಫ್ಯಾನಿನ ಸದ್ದೂ ಬೇಡವೆಂದು ಆರಿಸಿದ. ಕೊನೆಗೆ ಕನ್ನಡಿಯ ಮುಂದೆ ನಿಂತು ಟೈ ಬಿಗಿದ.

"ಫೋನಲ್ಲಿ ಟೈ ಕಾಣುತ್ತೇನ್ರೀ?"

"ಕಾಣಲ್ಲ, ಕೇಳುತ್ತೆ! ಟೈ ಕಟ್ಟಿದವನ ದನಿಯ ಗತ್ತೇ ಬೇರೆ."

"ಕೆಳಗೆ ಪೈಜಾಮ ಹಾಕಿದೀರಲ್ಲ, ಅದೂ ಕೇಳಿಸಿಬಿಟ್ರೆ?"

ಉತ್ತರ ಕೊಡದೆ ಅವಳನ್ನು ಅಡುಗೆಮನೆಗೆ ಅಟ್ಟಿ ಬಾಗಿಲು ಹಾಕಿಕೊಂಡ. ಗಡಿಯಾರ ಸತ್ತಿದ್ದರಿಂದ ಎಷ್ಟು ಹೊತ್ತಾಯಿತೆಂದೂ ತಿಳಿಯದೆ ಆ ಕುಲುಮೆಯಲ್ಲಿ ಬೇಯುತ್ತ ಕೂತ. ಬೆವರು ಧಾರಾಕಾರ. ಅತ್ತ ಹೆಂಡತಿಗೆ ಕರುಳು ಚುರುಕ್ಕೆಂದಿತು. ಮೆಲ್ಲಗೆ ಬಾಗಿಲು ತೆರೆದು, ಕೈ ಚಾಚಿ, ಫ್ಯಾನಿನ ಸ್ವಿಚ್ ಒತ್ತಿದಳು. ಫೋನೂ ಆಗಲೇ ಹೊಡೆದುಕೊಳ್ಳಬೇಕೆ!

ಮಂಚದ ಮೇಲಿನ ಹಾಳೆಗಳೆಲ್ಲ ಗಾಳಿಗೆ ಎದ್ದವು. ಅವನ ಸಾಮರ್ಥ್ಯಗಳೆಲ್ಲ ಬೀರುವಿನ ಹಿಂದೆ ಬಿದ್ದವು. ದೌರ್ಬಲ್ಯಗಳು ಮಂಚದ ಕೆಳಗೆ ನುಗ್ಗಿದವು. ಐದು ವರ್ಷದ ನಂತರ ಎಲ್ಲಿರಲು ಬಯಸುತ್ತೀರಿ ಎಂಬುದರ ಉತ್ತರ ಹಾರಿ ಬಂದು ಅವನ ಬೆವರು ಮುಖಕ್ಕೇ ಅಂಟಿಕೊಂಡಿತು. ಅದನ್ನು ಕಿತ್ತೆಸೆದು, ಏದುಸಿರು ಬಿಡುತ್ತ, "ಹಲೋ" ಎಂದ.

ಆ ಕಡೆ ಚಿಕ್ಕ ವಯಸ್ಸಿನ ಹೆಣ್ಣುದನಿ. "ಬಾಯಿಪಾಠದ ಉತ್ತರ ಬೇಡ ಸರ್. ನಾನೊಬ್ಬ ಸಿಟ್ಟಾದ ಗ್ರಾಹಕಿ ಅಂದ್ಕೊಳ್ಳಿ. ನನ್ನನ್ನ ಸಮಾಧಾನ ಮಾಡಿ ನೋಡೋಣ."

ದೂರಪ್ಪನಿಗೆ ಹೋದ ಜೀವ ಬಂತು. "ಯಾವ ವಸ್ತು ಮೇಡಂ?"

"ಯಾವುದಾದ್ರೇನು... ವಾಷಿಂಗ್ ಮಷೀನ್ ಅಂತಿಟ್ಕೊಳ್ಳಿ. ನಮ್ಮನೇಲೇ ಇದೆಯಲ್ಲ ಒಂದು! ನಿಮ್ಮ ಹಳೇ ಕಂಪನೀದೇ. ತಗೊಂಡು ವರ್ಷ ಆಗಿಲ್ಲ, ನೀರೆಲ್ಲ ನೆಲಕ್ಕೇ ಹರಿಯುತ್ತೆ."

ಬುದ್ಧಿಯಿದ್ದವನಾಗಿದ್ದರೆ ಹೌದು ಮೇಡಂ, ದರಿದ್ರ ಕಂಪನಿ ಎಂದು ಪಾರಾಗುತ್ತಿದ್ದ. ಆದರೆ ಅಷ್ಟು ವರ್ಷದ ಅಭ್ಯಾಸ ಕೇಳಬೇಕಲ್ಲ!

"ಮಷೀನಲ್ಲಿ ದೋಷ ಇರೋಕೆ ಸಾಧ್ಯವೇ ಇಲ್ಲ ಮೇಡಂ. ತಾವು ಬಟ್ಟೆ ಜಾಸ್ತಿ ತುಂಬಿದೀರಿ."

"ಎರಡೇ ಅಂಗಿ ಹಾಕಿದ್ದು!"

"ಹಾಗಾದ್ರೆ ಕಡಿಮೆ ಆಯ್ತು."

"ಏನ್ರೀ ಹೇಳ್ತಿದೀರಾ? ಎಷ್ಟು ಸಲ ಫೋನ್ ಮಾಡ್ಲಿ? ಒಂದು ಒತ್ತಿ, ಎರಡು ಒತ್ತಿ ಅನ್ನುತ್ತೆ. ಮಾತಾಡೋಕೆ ಒಬ್ಬ ಮನುಷ್ಯ ಸಿಗಲ್ಲ!"

ಆ ಯಂತ್ರವೇ ತನ್ನ ಅನ್ನ ಕಸಿದದ್ದು ಎನ್ನುವುದೂ ಆ ಹೊತ್ತಿಗೆ ಅವನಿಗೆ ಮರೆತುಹೋಗಿತ್ತು. ಒದ್ದು ಹೊರಹಾಕಿದವರ ಪರವಾಗಿ ಇಷ್ಟು ನಿಯತ್ತಿನಿಂದ ಕಾದಾಡುವ ಮೂರ್ಖ ಇನ್ನೊಬ್ಬ ಸಿಗಲಾರ.

"ಈಗ ನಾನು ಸಿಕ್ಕಿದೀನಲ್ಲ ಮೇಡಂ! ನಾಳೆ ಹತ್ತರಿಂದ ಐದರೊಳಗೆ ನಮ್ಮ ಮೆಕ್ಯಾನಿಕ್ ಬರ್ತಾರೆ. ತಾವು ಮನೇಲಿದ್ರೆ ಸಾಕು."

"ನಿಜವಾಗ್ಲೂ ಬರ್ತಾರಾ?" ಪಾಪ, ಆ ದನಿಯಲ್ಲಿ ಆಸೆಯಿತ್ತು.

"ಖಂಡಿತ! ನಮ್ಮ ಕಂಪನಿ ಒಂದು ಸಲ ಮಾತು ಕೊಟ್ರೆ..."

"ಸರ್," ದನಿ ತಣ್ಣಗಾಯಿತು, "ಆ ಕಂಪನಿ ನಿಮ್ಮನ್ನ ತೆಗೆದುಹಾಕಿದೆ ಅಲ್ವಾ?"

"ಹೌದು."

"ಹಾಗಾದ್ರೆ ನಾಳೆ ಯಾರು ಬರ್ತಾರೆ?"

ಇದಕ್ಕೆ ಉತ್ತರ ಬೀರುವಿನ ಹಿಂದೆಯೂ ಇರಲಿಲ್ಲ, ಮಂಚದ ಕೆಳಗೂ ಇರಲಿಲ್ಲ. "ತಿಳಿಸ್ತೀವಿ ಸರ್," ಎಂದಳು ಆಕೆ. ತಿಳಿಸ್ತೀವಿ ಎಂದರೆ ಏನರ್ಥ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಎಷ್ಟೋ ಮಂದಿಗೆ ಅವನೇ ಹಾಗೆಂದು ಹೇಳಿ ಫೋನಿಟ್ಟಿದ್ದ.

ಬೆವರಿನಲ್ಲಿ ತೊಯ್ದ ಟೈ ಸಡಿಲಿಸುತ್ತ ಹಾಳೆಗಳ ನಡುವೆ ಕುಸಿದ. ಅಷ್ಟರಲ್ಲಿ ಮತ್ತೆ ಫೋನು! ಮನಸ್ಸು ಬದಲಾಯಿಸಿದಳೋ ಏನೋ ಎಂದು ಧಡಕ್ಕನೆ ಎದ್ದು ಕಿವಿಗಿಟ್ಟ.

"ಹೇಳಿ ಮೇಡಂ!"

"ನಂದೊಂದು ದೂರಿದೆ."

ಹೆಂಡತಿಯ ದನಿ. ಫೋನಿನಲ್ಲೂ ಕೇಳಿಸಿತು, ಅಡುಗೆಮನೆಯಿಂದಲೂ ಕೇಳಿಸಿತು.

"ಏನೇ ಇದು ತಮಾಷೆ? ಇಲ್ಲೇ ಇದ್ದು ಫೋನ್ ಮಾಡ್ತೀಯಾ?"

"ಎದುರಿಗೆ ಹೇಳಿದ್ರೆ ನಿಮಗೆ ಕೇಳಿಸಲ್ಲ. ಫೋನಲ್ಲಾದ್ರೆ ಯಾರ ಮನೆ ಮಷೀನಿನ ಕಷ್ಟಾನೂ ಕೇಳ್ತೀರಿ. ಇವತ್ತು ಬುಧವಾರ. ಅಂಗಡಿಗೆ ಹೋಗದೆ ನಾನ್ಯಾಕೆ ಮನೇಲಿದೀನಿ ಅಂತ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಹೊಳೆದಿರಲೂ ಇಲ್ಲ.

"ಸೋಮವಾರವೇ ನನ್ನನ್ನ ಕೆಲಸದಿಂದ ಬಿಡಿಸಿದ್ರು. ಹೇಳೋಕೆ ಬಂದಾಗ ನೀವು ಉತ್ತರ ಉರು ಹೊಡೀತಿದ್ರಿ. ನಿಮಗಾದ್ರೂ ಸಿಗಲಿ ಅಂತ ಬಾಯಿ ಮುಚ್ಕೊಂಡಿದ್ದೆ."

ದೂರಪ್ಪ ಬಾಯಿ ತೆರೆದ. ಊರವರನ್ನೆಲ್ಲ ಸಮಾಧಾನ ಮಾಡಿದ ಆ ಬಾಯಿಗೆ ಸ್ವಂತ ಮಾತೊಂದೂ ಸಿಗಲಿಲ್ಲ. ತಡವರಿಸಿ, ಏನು ಹೇಳುತ್ತಿದ್ದೇನೆಂದು ತಿಳಿಯದೆಯೇ ಹೇಳಿಬಿಟ್ಟ:

"ದಯವಿಟ್ಟು ಲೈನಲ್ಲೇ ಇರಿ."

"ಇರದೆ ಇನ್ನೆಲ್ಲಿಗೆ ಹೋಗ್ಲಿ?" ಎಂದಳು ಹೆಂಡತಿ.