ಮಾಳಪ್ಪನ ಕುರಿಗಳಿಗೆ ನಾನು ಕೊಟ್ಟ ಮದ್ದು

ಮೊಮ್ಮಕ್ಕಳೇ, ನಿಮ್ಮಜ್ಜಿಯೂ ಒಂದು ದಿನ ಟೀಚರ್ ಆಗಿದ್ದಳು. ಮನೆಮನೆಯಲ್ಲಿ ಔಷಧಿ ಗಿಡ ಬೆಳೆಸುವುದನ್ನು ನಮ್ಮೂರಿನ ಮಹಿಳಾ ಸಂಘದವರು ಕಲಿಸುತ್ತಿದ್ದರು. ನನ್ನ ಹಿತ್ತಲಲ್ಲಿ ತುಳಸಿ, ದೊಡ್ಡಪತ್ರೆ, ನೆಲಬೇವು, ಆಡುಸೋಗೆ ಎಲ್ಲ ಇದ್ದವಲ್ಲ, ನ್ಯಾಲ್ಕಲ್ ಕಡೆಯ ಹಳ್ಳಿಗಳಿಂದ ಬರುವ ಹೆಂಗಸರಿಗೆ ನಾನೇ ಹೇಳಿಕೊಡಬೇಕು, ಒಬ್ಬೊಬ್ಬರಿಗೂ ಒಂದು ಗಿಡ ಕೊಟ್ಟು ಕಳಿಸಬೇಕು ಎಂದು ಗೊತ್ತುಮಾಡಿದರು. ನಾಲ್ಕು ಜನರೆದುರು ನೀರು ಕೇಳಲೂ ನಾಚುವವಳು ನಾನು. ಆದರೂ ಒಪ್ಪಿದೆ. ನಾನು ತಡವರಿಸಿದರೂ ಗಿಡಗಳು ಮಾನ ಕಾಯುತ್ತವೆ ಎಂಬ ಧೈರ್ಯ!

ಅವರು ಬರುವ ಹಿಂದಿನ ದಿನ, ಗಿಡದ ಜೊತೆ ಒಂದು ಬೊಗಸೆ ಕುರಿಗೊಬ್ಬರವನ್ನೂ ಕೊಟ್ಟರೆ ಹೇಗೆ ಎನ್ನಿಸಿತು. ಪ್ರತಿವರ್ಷ ಬಿತ್ತುವ ಮೊದಲು ನಮ್ಮ ಖಾಲಿ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸುವ ಮಾಳಪ್ಪನನ್ನು ಕರೆದು, ಇವತ್ತೊಂದು ರಾತ್ರಿ ಹಿತ್ತಲಲ್ಲಿ ನಿಲ್ಲಿಸು ಎಂದೆ.

"ಗಿಡ ಅವಲ್ರೀ ಅವ್ವಾ?"

"ಮದ್ದಿನ ಗಿಡಾನೋ. ಕಹಿ ಅವ. ಬಾಯಿ ಹಚ್ಚಂಗಿಲ್ಲ."

ನಿಮ್ಮಪ್ಪ ಚಿಕ್ಕವನಿದ್ದಾಗ ಅವನಿಗೆ ಕಷಾಯ ಕುಡಿಸಲು ಇಬ್ಬರು ಕೈಕಾಲು ಹಿಡಿದು, ನಾನು ಮೂಗು ಒತ್ತಬೇಕಿತ್ತು. ಕುರಿ ತಾನಾಗಿ ತಿಂದೀತೇ?

"ಕುರಿಗಿ ನಿಮ್ಮಷ್ಟು ಬುದ್ಧಿ ಎಲ್ಲಿ ಅದರಿ," ಎಂದ ಮಾಳಪ್ಪ. ಹೊಗಳಿದ ಎಂದುಕೊಂಡೆ.

ಬೆಳಿಗ್ಗೆ ಹಿತ್ತಲ ಬಾಗಿಲು ತೆರೆದೆ. ತುಳಸಿ ಬರೀ ಕಡ್ಡಿ. ದೊಡ್ಡಪತ್ರೆಯ ಗುರುತಿಲ್ಲ. ನೆಲಬೇವು ಬುಡಸಮೇತ ಸ್ವಾಹಾ. ಆಡುಸೋಗೆ ಒಂದು ಮಾತ್ರ ಒಂದೆಲೆಯೂ ಹೋಗದೆ ನಿಂತಿತ್ತು. ಅದನ್ನು ಕುರಿಯೂ ಮೂಸುವುದಿಲ್ಲವಂತೆ. ಗೊಬ್ಬರಕ್ಕೇನೂ ಕೊರತೆಯಿರಲಿಲ್ಲ!

ಅಷ್ಟರಲ್ಲಿ ನ್ಯಾಲ್ಕಲ್ ಹೆಂಗಸರು ಬಂದ ಜೀಪಿನ ಸದ್ದು. ಉಪಾಧ್ಯಾಯಿನಿಯವರು, ಅಂದರೆ ನಿಮ್ಮಜ್ಜಿ, ಅಡುಗೆಮನೆಗೆ ಹೋಗಿ ಚಿಲಕ ಹಾಕಿಕೊಂಡರು.

ಪಕ್ಕದ ಮನೆಯ ನಾಗಮ್ಮ ಬಾಗಿಲು ತಟ್ಟಿದಳು. "ಅತ್ತಿ, ಒಂದಾದ್ರೂ ಗಿಡ ಅದಲ್ರಿ. ಅದ್ರದೇ ಹೇಳ್ರಿ. ಅವರು ಬರಿಗೈಲೆ ಹೋದ್ರ ನೀವು ಮತ್ತ ಹೊರಗ ಬರಂಗಿಲ್ಲ, ನಂಗ ಗೊತ್ತದ."

ಸೆರಗು ಎಳೆದುಕೊಂಡು ಬಂದೆ. ಕೆಮ್ಮಿಗೆ ಆಡುಸೋಗೆ ಎಲೆಯ ಕಷಾಯ ಮಾಡುವುದನ್ನು, ಕಾಂಡ ಕತ್ತರಿಸಿ ನೆಡುವುದನ್ನು ನೆಲ ನೋಡುತ್ತಲೇ ಹೇಳಿದೆ. ಕೊಂಬೆ ಕಡಿದು ಎಲ್ಲರಿಗೂ ಹಂಚಿದೆ. ಒಬ್ಬ ಮುದುಕಿ, ಉಳಿದ ಗಿಡಗಳ ಗುಣ ಏನು ಎಂದು ಕೇಳಿದಳು.

"ಮಾಳಪ್ಪನ ಕುರಿಗಳನ್ನ ಕೇಳ್ರಿ. ತಿಂದು ನೋಡ್ಯಾವ."

ಹೇಳಿದ್ದು ನಾನೇ! ಎಲ್ಲರೂ ನಕ್ಕರು. ನಾನೂ ಆಗ ತಲೆಯೆತ್ತಿದೆ.

ಈಗಲೂ ಆ ಕುರಿಗಳು ಮೇಯಲು ಹೋಗುವಾಗ ನನ್ನ ಹಿತ್ತಲ ಬೇಲಿಯ ಬಳಿ ನಿಂತು ಇಣುಕುತ್ತವೆ. ಇಷ್ಟು ವರ್ಷದಲ್ಲಿ ಮೂಗು ಒತ್ತಿಸಿಕೊಳ್ಳದೆ ನನ್ನ ಮದ್ದು ತಿಂದವರೆಂದರೆ ಅವೇ. ನಿಮ್ಮಪ್ಪನಿಗೆ ಇದನ್ನು ಓದಿ ಹೇಳಿ.